ಸೂಜಿಬಾಯಿ ದರ್ಜಿಯ ಒಣ ನಾಲಿಗೆ

ದರ್ಜಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅಂಗಡಿಯ ಬೋರ್ಡಿನ ಮೇಲೂ ಅದನ್ನು ಬರೆಸಿದ್ದ. ಬೋರ್ಡಿನ ಬಣ್ಣದ ಜೊತೆ ಅದೂ ಉದುರಿಹೋಗಿ, ಈಗ ಬೀದಿಗೆಲ್ಲ ಅವನು ಸೂಜಿಬಾಯಿ. ಮೂವತ್ತು ವರ್ಷದಿಂದ ತುಟಿಗಳ ನಡುವೆ ಏಳೆಂಟು ಗುಂಡುಸೂಜಿ ಕಚ್ಚಿಕೊಂಡೇ ಬದುಕಿದ ಮನುಷ್ಯ. ಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳವಾಡುತ್ತಿದ್ದ, ಸೂಜಿ ಕಚ್ಚಿಕೊಂಡೇ ಸೀನುತ್ತಿದ್ದ. ಆ ಸೀನಿನಿಂದ ಇದುವರೆಗೆ ಯಾರೂ ಸತ್ತಿಲ್ಲ ಎಂಬುದು ಬೀದಿಯ ಪುಣ್ಯ. ಮದುವೆಗೆ ಹೆಣ್ಣು ನೋಡಲು ಹೋದಾಗ ‘ಒಪ್ಪಿಗೆಯೇ?’ ಎಂದು ಕೇಳಿದ್ದಕ್ಕೂ ಅವನು ಹುಂಗುಟ್ಟಿದ್ದು ಸೂಜಿಗಳ ಸಂದಿಯಿಂದಲೇ ಎಂದು ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅದು ಒಪ್ಪಿಗೆಯೋ ಸೂಜಿ ಚುಚ್ಚಿದ್ದೋ ಎಂಬ ಅನುಮಾನ ಆಕೆಗೆ ಇನ್ನೂ ಹೋಗಿಲ್ಲ.

ಇಂಥ ಬಾಯಿ ಒಂದು ಬೆಳಿಗ್ಗೆ ಒಣಗಿತು.

ಒಣಗಿತು ಅಂದರೆ ಅಂತಿಂಥ ಒಣಗಿದ್ದಲ್ಲ. ಕಣ್ಣು ಬಿಟ್ಟಾಗ ನಾಲಿಗೆ ಇಸ್ತ್ರಿ ಒತ್ತಿ ಕೂರಿಸಿದ ತೇಪೆಯ ಹಾಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಿಡಿಸಿದರೆ ಚರ್ರೆಂದು ಬಟ್ಟೆ ಹರಿದ ಸದ್ದು ಬಂದೀತು ಅನ್ನಿಸಿತು. ಆ ಹೊತ್ತಿನಲ್ಲಿ ದಾರಿ ತಪ್ಪಿದ ಒಂಟೆ ಏನಾದರೂ ಬಂದು ಆ ಬಾಯೊಳಗೆ ಇಣುಕಿದ್ದರೆ, ‘ಸದ್ಯ, ನಮ್ಮೂರು ಬಂತು’ ಎಂದು ಅಲ್ಲೇ ಮಂಡಿಯೂರುತ್ತಿತ್ತು. ಎರಡು ಲೋಟ ನೀರು ಕುಡಿದ. ಬಿಸಿ ಕಾವಲಿಯ ಮೇಲೆ ಹನಿ ಬಿದ್ದಂತೆ ನೀರು ಎಲ್ಲಿ ಹೋಯಿತೆಂಬುದೇ ತಿಳಿಯಲಿಲ್ಲ.

ಮೊದಲ ದಿನ ಸೆಕೆ ಅಂದುಕೊಂಡ. ಎರಡನೆಯ ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂದುಕೊಂಡ. ಮೂರನೆಯ ದಿನ ಹಾಸಿಗೆಯಲ್ಲಿ ಎದ್ದು ಕೂತಾಗ ಅಣ್ಣನ ನೆನಪಾಯಿತು.

ಆ ಅಣ್ಣ ಬಸ್ಸು ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದ. ಒಂದು ಕೈಯಲ್ಲಿ ಬಸ್ಸಿನ ಚಕ್ರ ಎತ್ತಿದರೆ ಇನ್ನೊಂದು ಕೈಯಲ್ಲಿದ್ದ ಟೀ ಲೋಟ ತುಳುಕುತ್ತಿರಲಿಲ್ಲ. ಅವನಿಗೂ ಶುರುವಾದದ್ದು ಬಾಯಿಂದಲೇ. ಸಕ್ಕರೆ ಕಾಯಿಲೆ. ಮೊದಲು ಬಾಯಿ ಒಣಗಿತು, ಆಮೇಲೆ ಮೈ ಇಳಿಯಿತು, ಆಮೇಲೆ ಕಾಲಿನ ಒಂದು ಬೆರಳು ಕಪ್ಪಾಯಿತು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಬೇರೆಯವರು ಒಂದೇ ಸಲ ಸಾಯುತ್ತಾರೆ, ಅಣ್ಣ ಕಂತುಕಂತಾಗಿ ಸತ್ತ. ಅವನ ಐದು ಪ್ಯಾಂಟುಗಳ ಬಲಗಾಲನ್ನು ಮಂಡಿಯ ಹತ್ತಿರ ಕತ್ತರಿಸಿ, ಒಳಗೆ ಮಡಿಚಿ, ತುದಿ ಮುಚ್ಚಿ ಹೊಲಿದು ಕೊಟ್ಟವನು ಸೂಜಿಬಾಯಿಯೇ. ಕತ್ತರಿಸಿ ಉಳಿದ ಐದು ತುಂಡುಗಳನ್ನು ಎಸೆಯಲೂ ಆಗದೆ, ಬೇರೆಯವರ ಬಟ್ಟೆಗೆ ಜೇಬಾಗಿ ಹಚ್ಚಲೂ ಆಗದೆ, ವರ್ಷದವರೆಗೆ ಹೊಲಿಗೆ ಮೆಷಿನ್ನಿನ ಕೆಳಗೆ ಕಟ್ಟಿಟ್ಟಿದ್ದ.

ಇದಕ್ಕಿಂತ ಚುಚ್ಚುವ ಇನ್ನೊಂದು ಸಂಗತಿ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಾಯಿಲೆ ಹೊರಬೀಳುವುದಕ್ಕೆ ಎರಡು ವರ್ಷ ಮೊದಲು ಅಣ್ಣ ಒಂದು ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು, “ಬೆಳಿಗ್ಗೆ ಎದ್ರೆ ಬಾಯೆಲ್ಲ ಒಣಗಿರತ್ತೆ ಕಣೋ. ಏನಿರಬಹುದು?” ಎಂದು ಕೇಳಿದ್ದ. ಸೂಜಿಬಾಯಿ ಒಂದು ಷರಟಿನ ತೋಳಿಗೆ ಸೂಜಿ ಹಚ್ಚುತ್ತಿದ್ದ. ಬಾಯಿ ತುಂಬ ಸೂಜಿ. “ಹುಂ” ಅಂದ. ಅಣ್ಣ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ.

ಈಗ ಅದೇ ಕಾಯಿಲೆ ವಿಳಾಸ ಹುಡುಕಿಕೊಂಡು ತನ್ನ ಮನೆಗೂ ಬಂತು ಎಂದು ಸೂಜಿಬಾಯಿಗೆ ಖಾತ್ರಿಯಾಯಿತು.

ಹೆಂಡತಿಗೆ ಹೇಳಲಿಲ್ಲ. ಆದರೆ ಹೆಂಡತಿಯಿಂದ ಮುಚ್ಚಿಡುವುದು ಜರಡಿಯಲ್ಲಿ ನೀರು ತರುವ ಕೆಲಸ.

“ಏನ್ರೀ, ಈಚೆಗೆ ತಲೆದೆಸೇಲಿ ಇಷ್ಟು ದೊಡ್ಡ ಜಗ್ ಇಟ್ಕೊಂಡು ಮಲಗ್ತೀರಿ? ಕನಸಲ್ಲಿ ಎಲ್ಲಾದ್ರೂ ಬೆಂಕಿ ಬೀಳುತ್ತಾ?”

“ಸೆಕೆ ಕಣೇ.”

“ಸೆಕೆ ಅಲ್ಲ, ನೀವು ಬಾಯಿ ತೆರ್ಕೊಂಡು ಮಲಗ್ತೀರಿ. ಮೂಗಿನ ತುಂಬಾ ಬಟ್ಟೆ ಧೂಳು. ನಿಮ್ಮ ಗೊರಕೆಗೆ ಗೋಡೆ ಸುಣ್ಣ ಉದುರೀ ಉದುರೀ ನನ್ನ ತಲೆ ಬೆಳ್ಳಗಾಯ್ತು. ವಯಸ್ಸಾಗಿ ಅಲ್ಲ.”

ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಿಲ್ಲ. ಆದರೆ ಹೆದರಿದವನಿಗೆ ಹಾವು ಅಂದವರು ನೆಂಟರು, ಹಗ್ಗ ಅಂದವರು ಶತ್ರು. ‘ಇವಳಿಗೇನು ಗೊತ್ತು’ ಎಂದು ಜಗ್ಗನ್ನು ಮಂಚದ ಕೆಳಗೆ ತಳ್ಳಿದ.

ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಮುತ್ತುತ್ತದೆ ಎಂದು ಯಾರೋ ಹೇಳಿದ್ದರು. ನಾಲ್ಕನೆಯ ದಿನ ಬಚ್ಚಲಿಗೆ ಹೋದವನು ಅರ್ಧ ಗಂಟೆ ಹೊರಗೆ ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದ. ಕೊನೆಗೆ ಒಂದೇ ಒಂದು ಇರುವೆ ಬಾಗಿಲ ಸಂದಿಯಿಂದ ಬಂತು. ಅದು ಬರುವುದನ್ನು ನೋಡಿ, ಆನೆ ಬಂದಂತೆ, ಎರಡೂ ಕಾಲು ಹಿಂದಕ್ಕೆಳೆದುಕೊಂಡ. ಇರುವೆ ಅತ್ತಿತ್ತ ಮೂತಿ ತಿರುಗಿಸಿ, ಅವನನ್ನು ಒಂದು ಸುತ್ತು ಹಾಕಿ, ಸೋಪಿನ ಕಡೆ ಹೊರಟುಹೋಯಿತು. ಇದರಿಂದ ಅವನಿಗೆ ಸಮಾಧಾನವಾಗಲಿಲ್ಲ. ‘ಒಂದು ಬಂದು ನೋಡಿಕೊಂಡು ಹೋಯಿತು, ಇನ್ನು ಉಳಿದವನ್ನು ಕರೆತರುತ್ತದೆ’ ಅಂದುಕೊಂಡ.

ಅಂಗಡಿಯಲ್ಲೂ ನೆಮ್ಮದಿಯಿಲ್ಲ. ದಾರದ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಚೂಪು ಮಾಡದೆ ಯಾವ ದರ್ಜಿಗೂ ಸೂಜಿ ಪೋಣಿಸಲಾಗದು. ಇವನ ಬಾಯಲ್ಲಿ ಎಂಜಲೇ ಇಲ್ಲ. ದಾರದ ತುದಿ ಪೊರಕೆಯ ಹಾಗೆ ಕೆದರಿಕೊಂಡು ಸೂಜಿಯ ಕಣ್ಣಿನ ಸುತ್ತ ಅಲೆಯಿತು. ಹತ್ತು ಸಲ ತಪ್ಪಿದಾಗ, ದೃಷ್ಟಿಯೂ ಹೋಗುತ್ತಿದೆ ಎಂದು ಲೆಕ್ಕಕ್ಕೆ ಸೇರಿಸಿಕೊಂಡ. ಅಣ್ಣನಿಗೂ ಕೊನೆಗೆ ಕಣ್ಣು ಮಂಜಾಗಿತ್ತಲ್ಲ. ಕಾಲು ಹೋದರೆ ಕೈಯಿಂದ ತಿರುಗಿಸುವ ಮೆಷಿನ್ ಇಟ್ಟುಕೊಂಡಾನು, ಕಣ್ಣು ಹೋದರೆ? ಕೂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಆ ಮಧ್ಯಾಹ್ನ ಒಂದು ಷರಟಿಗೆ ಎರಡೂ ಎಡದೋಳು ಹಚ್ಚಿಬಿಟ್ಟ.

ಇಷ್ಟಾದ ಮೇಲೆ ಎಲ್ಲರೂ ಮಾಡುವುದು ರಕ್ತ ಪರೀಕ್ಷೆ. ಸೂಜಿಬಾಯಿ ಮಾಡಿದ್ದು ದರ್ಜಿಯ ಪರೀಕ್ಷೆ. ಬಾಗಿಲು ಅರ್ಧ ಎಳೆದು, ಕೊರಳಲ್ಲಿದ್ದ ಟೇಪು ತೆಗೆದು ತನ್ನ ಸೊಂಟಕ್ಕೇ ಸುತ್ತಿದ. ಆ ಟೇಪು ಅವನ ಕೊರಳಿಗೆ ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಅದನ್ನು ತೆಗೆದಿಟ್ಟರೆ ಕತ್ತು ಒಂದು ಕಡೆ ವಾಲುತ್ತದೆ ಅನ್ನುತ್ತಿದ್ದ. ಅಳತೆ ಮೂವತ್ತಾರು ಕಾಲು ಇಂಚು. ಅಳತೆ ಪುಸ್ತಕ ತೆರೆದು, ಮಗಳ ಮದುವೆಗೆ ತನಗೆ ತಾನೇ ಕೋಟು ಹೊಲಿದುಕೊಂಡಾಗ ಬರೆದಿಟ್ಟ ಪುಟ ಹುಡುಕಿದ. ಮೂವತ್ತೆಂಟು.

ಹತ್ತಿರ ಹತ್ತಿರ ಎರಡಿಂಚು ಮನುಷ್ಯ ಮಾಯ. ಮೈ ಇಳಿದಿತ್ತು, ಅಣ್ಣನಿಗೆ ಇಳಿದಂತೆಯೇ.

ತೊಟ್ಟ ಪ್ಯಾಂಟು ಸಡಿಲವಾಗಿಲ್ಲ, ಬೆಲ್ಟು ಅದೇ ತೂತಿನಲ್ಲೇ ಇದೆ ಎಂಬುದೂ ಹೊಳೆಯದೆ ಇರಲಿಲ್ಲ. ಆದರೆ ಅವನು ಮೂವತ್ತು ವರ್ಷದಲ್ಲಿ ಗಿರಾಕಿಗಳ ಮಾತು ನಂಬಿದವನಲ್ಲ, ಹೊಟ್ಟೆಯ ಮಾತು ನಂಬಿದವನಲ್ಲ, ಟೇಪಿನ ಮಾತೊಂದನ್ನೇ ನಂಬಿದವನು. ಈಚೆಗೆ ಒಂದು ವರ್ಷದಿಂದ, ಹಳೆಯ ಅಳತೆಗೇ ಹೊಲಿಯಿರಿ ಎಂದು ಬಟ್ಟೆ ಕಳಿಸಿದವರೆಲ್ಲ ‘ದೊಗಳೆಯಾಗಿದೆ’ ಎಂದು ವಾಪಸು ತರುತ್ತಿದ್ದರು. ‘ನೀವು ಸೊರಗಿದೀರಿ, ಹಾಲು ಕುಡೀರಿ’ ಎಂದು ಅವರನ್ನೇ ಬೈದು ಕಳಿಸಿದ್ದ. ಪ್ಯಾಂಟು ಒಗೆದೂ ಒಗೆದೂ ಕುಗ್ಗಿರಬೇಕು, ತಾನೂ ಕುಗ್ಗಿದ್ದೇನೆ, ಎರಡೂ ಒಂದೇ ಸಮ ಕುಗ್ಗಿದರೆ ಸಡಿಲವಾಗುವುದು ಹೇಗೆ ಎಂದು ತೀರ್ಪು ಕೊಟ್ಟುಕೊಂಡ.

ಅಂಥ ಹೊತ್ತಿನಲ್ಲಿ ಹೆಡ್ಮಾಸ್ತರು ಬಂದರು.

ಬೀದಿಯ ಕೊನೆಯ ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಹೇಳಿ, ಮುಂದಿನ ತಿಂಗಳು ನಿವೃತ್ತಿಯಾಗುವವರು. ಅವರ ಹೊಟ್ಟೆ ಊರಿಗೇ ಗುರುತು. ಅವರು ತಿರುವಿನಲ್ಲಿ ಬರುತ್ತಿದ್ದಾರೆಂದರೆ ಮೊದಲು ಹೊಟ್ಟೆ ಬರುತ್ತಿತ್ತು, ಟೀ ಕುಡಿದು ಮುಗಿಸುವಷ್ಟರಲ್ಲಿ ಅವರೂ ಬರುತ್ತಿದ್ದರು.

“ಏನಯ್ಯಾ, ಬಾಗಿಲು ಎಳ್ಕೊಂಡು ಒಳಗೇನು ಮಾಡ್ತಿದೀಯ? ಬೀಳ್ಕೊಡುಗೆಗೆ ಕೋಟು ಬೇಕು. ಭಾಷಣ ಕೇಳಿ ಎದೆ ಉಬ್ಬುತ್ತೆ, ಸ್ವಲ್ಪ ಜಾಗ ಬಿಟ್ಟು ಹೊಲಿ.”

ಸೂಜಿಬಾಯಿ ಟೇಪು ಹಿಡಿದು ಅವರ ಸುತ್ತ ಪ್ರದಕ್ಷಿಣೆ ಹೊರಟ. ಹೊಟ್ಟೆಯ ಮೇಲೆ ಟೇಪು ಕೂಡಿದಾಗ ಓದಿದ. ಇನ್ನೊಮ್ಮೆ ಓದಿದ. ನಲವತ್ತೆರಡು. ಗಿರಾಕಿಗಳ ಮುಖ ಮರೆಯುತ್ತಿದ್ದ, ಸೊಂಟ ಮರೆಯುತ್ತಿರಲಿಲ್ಲ. ಇದೇ ಹೆಡ್ಮಾಸ್ತರು ಸೂಜಿಬಾಯಿಯ ಮಗಳ ಮದುವೆಯ ವರ್ಷ ಕೋಟು ಹೊಲಿಸಿದಾಗ ನಲವತ್ತಾರು. ನಾಲ್ಕಿಂಚು.

ತುಟಿಯಿಂದ ಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

“ಯಾಕಯ್ಯಾ, ಹೊಟ್ಟೆ ನೋಡಿ ಹೆದರ್ಕೊಂಡ್ಯಾ?”

“ಸಾರ್, ನೀವು ನಾಲ್ಕಿಂಚು ಇಳಿದಿದೀರಿ.”

“ಹೌದಾ? ಒಂದು ಚೀಟೀಲಿ ಬರ್ಕೊಡು. ಸಂಜೆ ವಾಕಿಂಗ್ ಹೋಗ್ತೀನಿ ಅಂದ್ರೆ ನಮ್ಮನೆಯವಳು ನಂಬೋದೇ ಇಲ್ಲ.”

“ಬೆಳಿಗ್ಗೆ ಬಾಯಿ ಒಣಗುತ್ತಾ ಸಾರ್?”

“ಒಣಗದೆ ಏನು. ಮೂವತ್ತೈದು ವರ್ಷ ಚಾಕ್‌ಪೀಸ್ ಪುಡಿ ತಿಂದ ಬಾಯಿ. ಯಾಕೆ ಕೇಳ್ತೀಯ?”

ಸೂಜಿಬಾಯಿ ನೆಲದ ಮೇಲಿನ ಸೂಜಿ ಆರಿಸುವ ನೆಪದಲ್ಲಿ ಕೂತ. ಅಲ್ಲೇ ಕೂತು, ಒಣ ನಾಲಿಗೆಯಿಂದ, ಅಣ್ಣನ ಕಾಲಿನಿಂದ ಹಿಡಿದು ಬಚ್ಚಲಿನ ಇರುವೆಯವರೆಗೆ ಎಲ್ಲವನ್ನೂ ಹೇಳಿದ. ಬಾಯಲ್ಲಿ ಸೂಜಿಯಿಲ್ಲದೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅಣ್ಣನಿಗೆ ಹುಂಗುಟ್ಟಿದ ಸಂಗತಿಯನ್ನು ಮಾತ್ರ ಹೇಳಲಿಲ್ಲ.

ಹೆಡ್ಮಾಸ್ತರು ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಗ್ಗಿ, ಅವನ ರಟ್ಟೆ ಹಿಡಿದು ಎಬ್ಬಿಸಿದರು.

“ನಾಳೆ ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋಗೋಣ. ಖಾಲಿ ಹೊಟ್ಟೆ. ನಾನೂ ಬರ್ತೀನಿ.”

“ಬೇಡ ಸಾರ್. ಇದೆ ಅಂತ ಗೊತ್ತಾದ್ರೆ ಏನ್ಮಾಡೋದು?”

“ನಿನ್ನ ಧೈರ್ಯಕ್ಕೆ ನಾನೂ ರಕ್ತ ಕೊಡ್ತೀನಿ ಬಾರಯ್ಯಾ. ಪರೀಕ್ಷೆಗೆ ಹೆದರೋ ಮಕ್ಕಳನ್ನ ಎಷ್ಟು ನೋಡಿಲ್ಲ ನಾನು.”

ಮರುದಿನ ಬಾಯಿ ಎಂದಿನಂತೆ ಒಣಗಿತ್ತು. ಕೈಕಾಲು ತಣ್ಣಗಾದದ್ದು ಅದರ ಮೇಲೆ ಹೊಸದು. ಹೆಂಡತಿಗೆ ಹೆಡ್ಮಾಸ್ತರ ಕೋಟಿನ ಬಟ್ಟೆ ಆರಿಸಲು ಹೋಗುತ್ತೇನೆಂದು ಹೇಳಿದ. ಬೆಳಿಗ್ಗೆ ಏಳು ಗಂಟೆಗೆ ಯಾವ ಬಟ್ಟೆ ಅಂಗಡಿ ತೆರೆದಿರುತ್ತದೆ ಎಂದು ಆಕೆ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿ, “ಹುಷಾರಾಗಿ ಹೋಗ್ಬನ್ನಿ” ಅಂದಳು. ಮೂವತ್ತು ವರ್ಷದಲ್ಲಿ ಎಂದೂ ಹಾಗೆ ಅಂದವಳಲ್ಲ. ಅದು ಕೇಳಿ ಇನ್ನಷ್ಟು ಹೆದರಿದ.

ಲ್ಯಾಬು ಎರಡು ಕೋಣೆಯದು. ಹೊರಗಿನ ಕೋಣೆಯಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಉದ್ದನೆಯ ಬೆಂಚು, ಒಂದು ತೂಕದ ಮೆಷಿನ್, ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ಮು. ಒಳಗಿನ ಕೋಣೆಯಿಂದ ಗಾಜಿನ ನಳಿಕೆಗಳ ಕಿಣಿಕಿಣಿ. ಸೂಜಿಬಾಯಿಗೆ ಅದು ಹಲ್ಲು ಕಡಿದ ಸದ್ದಿನಂತೆ ಕೇಳಿಸಿತು. ಹೆಡ್ಮಾಸ್ತರು ಕೂತಲ್ಲಿಂದ ಎದ್ದು ಒಂದು ಲೋಟ ನೀರು ಕುಡಿದರು. ಕೂತರು. ಮತ್ತೆ ಎದ್ದು ಇನ್ನೊಂದು ಕುಡಿದರು. “ನೀರು ಕುಡಿಬಹುದಂತೆ, ಕೇಳ್ದೆ,” ಅಂದು ಮೂರನೆಯದಕ್ಕೆ ಎದ್ದರು.

ಲ್ಯಾಬಿನಾಕೆ ಗಟ್ಟಿ ಹೆಂಗಸು. ಮೊದಲು ತೂಕ, ಎತ್ತರ, ಸೊಂಟದ ಸುತ್ತಳತೆ ಕಾರ್ಡಿನಲ್ಲಿ ಬರೆಯದೆ ಸೂಜಿ ಮುಟ್ಟುತ್ತಿರಲಿಲ್ಲ. ಹೆಡ್ಮಾಸ್ತರನ್ನು ಮೊದಲು ನಿಲ್ಲಿಸಿದಳು.

“ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್. ನಾವೇನೂ ಕದಿಯಲ್ಲ. ನಲವತ್ನಾಲ್ಕು.”

ಆಮೇಲೆ ಸೂಜಿಬಾಯಿ. “ಮೂವತ್ತೆಂಟು.”

“ಅಲ್ಲಮ್ಮ,” ಸೂಜಿಬಾಯಿ ಅಂದ. “ಮೂವತ್ತಾರು ಕಾಲು.”

“ಮೂವತ್ತೆಂಟು. ನನಗೂ ಓದೋಕೆ ಬರುತ್ತೆ.”

“ನಿಮ್ಮ ಟೇಪೇ ಸರಿಯಿಲ್ಲ. ನಾನು ದರ್ಜಿ. ಇದೇ ನನ್ನ ಕಸುಬು.”

“ಅಷ್ಟು ಧೈರ್ಯ ಇದ್ರೆ ನಿಮ್ದು ತೆಗೀರಿ.”

ಟೇಪಿಲ್ಲದೆ ಅವನು ಹೊರಡುವುದುಂಟೇ? ಕೊರಳಲ್ಲೇ ಇತ್ತು. ಇಬ್ಬರೂ ಬೆಂಚಿನ ಮೇಲೆ ಎರಡೂ ಟೇಪುಗಳನ್ನು ಪಕ್ಕಪಕ್ಕ ಹಾಸಿ, ತುದಿಗೆ ತುದಿ ಕೂಡಿಸಿ ಎಳೆದರು. ಆಕೆಯದು ಅರವತ್ತಕ್ಕೆ ಮುಗಿಯಿತು. ಅವನ ಅರವತ್ತು ಅಲ್ಲಿಂದ ಮೂರಿಂಚು ಮುಂದೆ ಹೋಗಿ ಬೆಂಚಿನ ಅಂಚಿನಿಂದ ನಾಚಿಕೊಂಡಂತೆ ಕೆಳಗೆ ಇಳಿಬಿದ್ದಿತ್ತು. ಹದಿನಾಲ್ಕು ವರ್ಷದ ಬೆವರು, ಇಸ್ತ್ರಿಯ ಕಾವು, ಊರಿನ ಹೊಟ್ಟೆಗಳ ಜಗ್ಗಾಟ. ಬಟ್ಟೆಯ ಟೇಪು, ಪಾಪ, ಹಿಗ್ಗಿಹೋಗಿತ್ತು. ಅದೇ ಟೇಪಿನಲ್ಲಿ ಅಳೆದು ಅದೇ ಟೇಪಿನಲ್ಲಿ ಕತ್ತರಿಸುತ್ತಿದ್ದರಿಂದ ಹೊಸ ಬಟ್ಟೆ ಸರಿಯಾಗೇ ಕೂರುತ್ತಿತ್ತು. ಪುಸ್ತಕದ ಹಳೆಯ ಅಳತೆಯ ಮುಂದೆ ಮಾತ್ರ ಊರಿಗೆ ಊರೇ ಸೊರಗಿ ಕಾಣುತ್ತಿತ್ತು.

ಹೆಡ್ಮಾಸ್ತರು ನಕ್ಕ ನಗೆಗೆ ಒಳಕೋಣೆಯ ನಳಿಕೆಗಳು ಇನ್ನೊಮ್ಮೆ ಕಿಣಿಗುಟ್ಟಿದವು. “ಅಯ್ಯೋ ಸೂಜಿಬಾಯಿ, ಊರಿಗೆಲ್ಲ ಹಾಲು ಕುಡಿಸಿದ್ಯಲ್ಲೋ. ನಡಿ, ನಡಿ, ಕಾಯಿಲೆ ನಿನ್ನ ಟೇಪಿಗೆ. ಇನ್ನು ರಕ್ತಗಿಕ್ತ ಏನೂ ಬೇಡ. ಹಸಿವಾಗ್ತಿದೆ, ಮೊದಲು ಟೀ ಕುಡಿಯೋಣ.”

ಸೂಜಿಬಾಯಿಯೂ ನಕ್ಕ. ಎದೆಯ ಮೇಲಿಂದ ಬಸ್ಸು ಇಳಿದಂತಾಯಿತು. ತಾನು ಇಳಿದಿಲ್ಲ, ಮದುವೆಯ ಕೋಟಿನಷ್ಟೇ ಇದ್ದೇನೆ. ಹೆಡ್ಮಾಸ್ತರ ಹಿಂದೆ ಬಾಗಿಲವರೆಗೂ ಹೋದ. ಹೋಗುತ್ತ ಹೋಗುತ್ತ, ಅಭ್ಯಾಸಬಲದಿಂದ, ಮುಂದೆ ನಡೆಯುತ್ತಿದ್ದ ಸೊಂಟವನ್ನು ಕಣ್ಣಲ್ಲೇ ಅಳೆದ. ನಲವತ್ನಾಲ್ಕು. ಲ್ಯಾಬಿನ ಸರಿಯಾದ ಟೇಪಿನಲ್ಲಿ ನಲವತ್ನಾಲ್ಕು.

ಪುಸ್ತಕದಲ್ಲಿ ನಲವತ್ತಾರು.

ನಾಲಿಗೆ ಮತ್ತೆ ಅಂಗುಳಕ್ಕೆ ಹತ್ತಿತು. ಈ ಸಲ ಒಣಗಿದ್ದು ನಿದ್ದೆಯಿಂದಲ್ಲ. ಮೂರು ಲೋಟ ನೀರು ಕಣ್ಣ ಮುಂದೆ ಬಂತು. ಚಾಕ್‌ಪೀಸ್ ಪುಡಿ ನೆನಪಾಯಿತು. ಹೆಡ್ಮಾಸ್ತರು ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಸುಮ್ಮನಿದ್ದರೆ ಇನ್ನೈದು ನಿಮಿಷಕ್ಕೆ ಟೀ, ಹತ್ತು ನಿಮಿಷಕ್ಕೆ ನಗೆ, ಸಂಜೆಗೆ ಬೀದಿಗೆಲ್ಲ ತಮಾಷೆ. ಹುಂ ಎಂದುಬಿಟ್ಟರೂ ನಡೆಯುತ್ತಿತ್ತು.

“ಸಾರ್, ವಾಪಸು ಬನ್ನಿ.”

“ಯಾಕಯ್ಯಾ, ಟೇಪು ಮರೆತ್ಯಾ?”

“ನನ್ನ ಟೇಪು ಎರಡಿಂಚು ಸುಳ್ಳು ಹೇಳ್ತು ಸಾರ್. ನಿಮ್ದು ನಾಲ್ಕು ಇಳಿದಿತ್ತು. ಎರಡು ಟೇಪಿಂದು. ಇನ್ನೆರಡು ಯಾರದ್ದು?”

ಮೂವತ್ತೈದು ವರ್ಷ ಗಣಿತ ಹೇಳಿದವರು ಆ ಲೆಕ್ಕವನ್ನು ಮಾಡಲು ಬಹಳ ಹೊತ್ತು ತೆಗೆದುಕೊಂಡರು. ಮೆಟ್ಟಿಲ ಮೇಲಿದ್ದ ಕಾಲನ್ನು ಹಿಂದಕ್ಕೆ ತೆಗೆದರು.

“ವಾಕಿಂಗು,” ಅಂದರು ಮೆಲ್ಲಗೆ.

“ನೀವು ವಾಕಿಂಗ್ ಹೋಗಲ್ಲ ಸಾರ್. ಸಂಜೆಯೆಲ್ಲಾ ನನ್ನ ಅಂಗಡಿ ಬೆಂಚಿನ ಮೇಲೇ ಕೂತಿರ್ತೀರಿ.”

ಹೆಡ್ಮಾಸ್ತರು ಹಿಂದಿರುಗಿ ಬಂದು ನೀಲಿ ಕುರ್ಚಿಯಲ್ಲಿ ಕೂತು, ಷರಟಿನ ತೋಳು ಮಡಿಸಲು ನೋಡಿದರು. ಬೆರಳಿಗೆ ಗುಂಡಿ ಸಿಗಲಿಲ್ಲ. ಸೂಜಿಬಾಯಿ ಮಂಡಿಯೂರಿ, ತಾನೇ ಹೊಲಿದ ಆ ತೋಳಿನ ಗುಂಡಿ ಬಿಚ್ಚಿ, ಮೇಲಕ್ಕೆ ಮೂರು ಮಡಿಕೆ ಮಡಿಚಿದ.

ಫಲಿತಾಂಶಕ್ಕೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಗೋಡೆ ಗಡಿಯಾರದ ಮುಳ್ಳು ಮಧ್ಯೆ ಎಲ್ಲೋ ಮಲಗೆದ್ದು ಬಂದಿತ್ತು. ಲ್ಯಾಬಿನ ಒಳಕೋಣೆಯಲ್ಲಿ ಕೂರುವ ಡಾಕ್ಟರು ಸೂಜಿಬಾಯಿಯ ಚೀಟಿ ನೋಡಿ, ಸಕ್ಕರೆ ಏನೂ ಇಲ್ಲ ಅಂದರು, ಟಾರ್ಚು ಹಿಡಿದು ಮೂಗಿನೊಳಗೆ ನೋಡಿ, “ಇಲ್ಲಿ ಒಂದು ದಿಂಬಿಗಾಗೋಷ್ಟು ಧೂಳಿದೆ. ಮೂಗು ಕಟ್ಟಿದೆ. ಬಾಯಲ್ಲಿ ಉಸಿರಾಡ್ತೀರಿ, ಅದಕ್ಕೆ ಒಣಗುತ್ತೆ. ಮನೇಲಿ ಯಾರೂ ಹೇಳಿಲ್ವಾ?” ಎಂದು ಕೇಳಿದರು. ಹೇಳಿದ್ದಾರೆ ಅನ್ನಲು ಅವನಿಗೆ ನಾಚಿಕೆಯಾಯಿತು.

ಹೆಡ್ಮಾಸ್ತರ ಚೀಟಿ ಕೈಗೆ ಬಂದಾಗ ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಖಾಲಿ ಹೊಟ್ಟೆಯಲ್ಲಿ ನೂರರೊಳಗೆ ಇರಬೇಕಾದ ಸಕ್ಕರೆ ಇನ್ನೂರ ಎಂಬತ್ತು. ಕಾಲು ನೋಡಿದರು, ಬೆರಳು ಒಂದೊಂದಾಗಿ ಒತ್ತಿದರು. ಸೂಜಿಬಾಯಿ ಆ ಹತ್ತು ಬೆರಳುಗಳನ್ನು ಉಸಿರು ಬಿಗಿಹಿಡಿದು ಎಣಿಸಿದ. ಎಲ್ಲ ಕೆಂಪಗೆ, ಬೆಚ್ಚಗೆ ಇದ್ದವು. “ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಬೇರೆ ಮಾತು ಹೇಳಬೇಕಾಗ್ತಿತ್ತು,” ಅಂದ ಡಾಕ್ಟರು ಮಾತ್ರೆ, ಊಟ, ನಡಿಗೆ ಎಲ್ಲ ಬರೆದುಕೊಟ್ಟರು.

ಬೀದಿಯಲ್ಲಿ ಹೆಡ್ಮಾಸ್ತರು ಹೊಟ್ಟೆಯ ಹಿಂದೆ ನಡೆಯುವ ಬದಲು ಹೊಟ್ಟೆಯನ್ನು ಎಳೆದುಕೊಂಡು ನಡೆದರು. ತಿರುವಿನಲ್ಲಿ ನಿಂತರು.

“ಮನೇಲಿ ಈಗಲೇ ಹೇಳೋದು ಬೇಡ. ಬೀಳ್ಕೊಡುಗೆ ಮುಗೀಲಿ.”

“ಇಲ್ಲ ಸಾರ್, ಈಗಲೇ ಹೇಳಬೇಕು.”

“ನಿನಗೇನಯ್ಯಾ? ನೀನು ಪಾಸಾದೆ.”

“ನಿಮ್ಮ ಜೊತೆ ಬಾಗಿಲವರೆಗೂ ಬರ್ತೀನಿ. ನೀವು ಹೇಳಿದ್ರೆ ಸರಿ. ಇಲ್ದಿದ್ರೆ ನಾನು ಹೇಳ್ತೀನಿ.”

“ನಿನ್ನ ಬಾಯಿಗೆ ಸೂಜಿ ಇದ್ದಾಗಲೇ ಚೆನ್ನಾಗಿತ್ತು,” ಅಂದರು ಹೆಡ್ಮಾಸ್ತರು. ಆದರೆ ನಡೆದರು.

ಬಾಗಿಲು ತೆರೆದ ಅವರ ಹೆಂಡತಿ ಇಬ್ಬರ ಮುಖವನ್ನೂ ನೋಡಿದರು. “ಏನಿದು, ಇಬ್ರೂ ಸೇರಿ ಯಾರದೋ ಮನೆಗೆ ಕನ್ನ ಹಾಕಿ ಬಂದೋರ ಥರ ನಿಂತಿದೀರಿ?”

ಹೆಡ್ಮಾಸ್ತರು ಬಿಸಿಲು ಜೋರಾಗಿದೆ ಅಂದರು. ಕೋಟಿನ ಬಟ್ಟೆ ಸಿಗಲಿಲ್ಲ ಅಂದರು. ಟೀ ಇದೆಯಾ ಅಂದರು. ಆಮೇಲೆ ಹಿಂದಿರುಗಿ, “ಸರಿ, ನೀನಿನ್ನು ಹೊರಡಯ್ಯಾ, ಅಂಗಡಿ ತೆಗೆಯೋ ಹೊತ್ತಾಯ್ತು,” ಅಂದರು.

ಸೂಜಿಬಾಯಿ ಹೊಸ್ತಿಲ ಈಚೆ, ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತ. ಹೊರಡಲಿಲ್ಲ.